[ಪದಚರ್ಚೆ] ಟೇಬಲ್ಲಿನ ಓನರ್ ಬದಲಾದರೆ ಪ್ರಿವಿಲೇಜಿಗೆ ಏನೆನ್ನೋಣ? (ತುರ್ತು)

ಶಿವಮೊಗ್ಗದಿಂದ:
ಸಂಜೆಯೊಳಗೆ ಪ್ರೆಸ್ಸಿಗೆ ಕೊಡಬೇಕು, ಬಲ್ಲವರು ಬೇಗ ಹೇಳಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ಕಲಿಯುವವರಿಗೆ ಕೈಪಿಡಿ. ಅದರಲ್ಲಿ ಸಾಲು ಸಾಲಾಗಿ ಮಾಹಿತಿ ಇಡುವ ಟೇಬಲ್ಲಿನ ಓನರ್ ಬದಲಾದರೆ ಹಳಬರ ಪ್ರಿವಿಲೇಜು (ನೋಡುವ, ತಿದ್ದುವ ಅನುಮತಿ) ಹೊಸಬರ ಪಾಲಾಗುತ್ತದೆ. ಹಳಬರು ಬೇರೆಯವರಿಗೆ ಕೊಟ್ಟಿದ್ದು ಉಳಿಯುತ್ತದೆ, ಕೊಟ್ಟವರ ಹೆಸರು ಮಾತ್ರ ಹೊಸ ಓನರದ್ದು. ಹಳಬರಿಗೆ ಮುಂದೆಯೂ ಟೇಬಲ್ ಕಾಣಬೇಕಾದರೆ ಹೊಸದಾಗಿ ಗ್ರಾಂಟ್ (ಪ್ರಿವಿಲೇಜು ಕೊಡುವ ಆದೇಶ) ಆಗಬೇಕು. 'ಮಾಲೀಕತ್ವ ವರ್ಗಾವಣೆ', 'ಸವಲತ್ತು' ಎಂದು ಬರೆದಿದ್ದೆ. ಕರಡು ತಿದ್ದುವವರು "ಯಾರಿಗೆ ಎಲ್ಲಿಗೆ ವರ್ಗ ಆಯ್ತು ಮಾರಾಯ್ರೆ?" ಅಂದರು.

ತೀರ್ಥಹಳ್ಳಿಯಿಂದ:
ಮಾಲೀಕ ಅರಬ್ಬಿ, ಅದಕ್ಕೆ '-ತ್ವ' ಎಂಬ ಸಂಸ್ಕೃತದ ಬಾಲ ಬೇರೆ. ಒಡೆಯ, ಒಡೆತನ, ಒಡವೆ ಎಲ್ಲ ಒಂದೇ ಬೇರಿನವು, ತಮಿಳಿನ ಉಡೈಯಾರ್ ಕೂಡ. ಸವಲತ್ತು ಅರಬ್ಬಿಯ ಸುಹೂಲತ್, ಮೂಲದಲ್ಲಿ 'ಸಲೀಸು' ಎಂದರ್ಥ. ಬಸ್ ಪಾಸಿಗೆ ಸಾಕು, ಟೇಬಲ್ಲಿಗೆ ಒಗ್ಗದು. ಪ್ರಿವಿಲೇಜಿಗೆ 'ಬಿಡುಬಲ' ಎನ್ನಿ. ಚರ್ಚೆ ಬೇಕಿಲ್ಲ.

ಸಾಗರದಿಂದ:
ಬೇಕು. ಶರಾವತಿ ಮುಳುಗಡೆಯವರು ಕೇಳುತ್ತಿರುವುದು ಹಕ್ಕುಪತ್ರ, ಬಿಡುಬಲದ ಓಲೆಯಲ್ಲ. ಹಕ್ಕೂ ಅರಬ್ಬಿಯೇ, ಆಗಲಿ, ಅದಕ್ಕಾಗಿ ಊರವರ ಬಾಯಿ ತೊಳೆಯಲು ಹೊರಡಬೇಡಿ. ಸೊಪ್ಪಿನ ಬೆಟ್ಟ ಸರ್ಕಾರದ್ದು, ಸೊಪ್ಪು ತರುವ ಹಕ್ಕು ತೋಟದವರದು. ಒಡೆತನ ಬೇರೆ, ಹಕ್ಕು ಬೇರೆ ಅಂತ ನಮ್ಮ ಕಡೆಯವರಿಗೆ ಪಾಠ ಹೇಳಬೇಕಿಲ್ಲ. ಒಡೆತನ ಒಪ್ಪಿದೆ, 'ಒಡೆಯ' ಮಾತ್ರ ಬೇಡ. 1951ರ ಕಾಗೋಡು ಸತ್ಯಾಗ್ರಹ ಆದ ಸೀಮೆ ಇದು, ಇಲ್ಲಿ ಒಡೆಯ ಅಂದರೆ ಕೊಳಗ ಹಿಡಿದು ಗೇಣಿ ಅಳೆಸಿಕೊಳ್ಳುವವನು.

ಪದಕ್ಕಿಂತ ಮುಖ್ಯದ್ದು: ಕೆಲಸ ಬಿಟ್ಟವರ ರೋಲ್ (ಡೇಟಾಬೇಸಿನಲ್ಲಿ ಬಳಕೆದಾರರ ಹೆಸರು) ಅಳಿಸುವ ಪುಟದಲ್ಲಿ 'ಡ್ರಾಪ್ ಓನ್ಡ್' ಆದೇಶವನ್ನು ದಯವಿಟ್ಟು 'ಒಡೆತನ ಬಿಡು' ಎಂದು ಅನುವಾದಿಸಬೇಡಿ. ಅದು ಆ ರೋಲಿನ ಟೇಬಲ್ಲುಗಳನ್ನೇ ಅಳಿಸುತ್ತದೆ! ಮೊದಲು 'ರಿಅಸೈನ್ ಓನ್ಡ್' ಕೊಟ್ಟು ಒಡೆತನ ದಾಟಿಸಬೇಕು. ಅದು ದಾಟಿಸುವುದು ಒಡೆತನವನ್ನಷ್ಟೇ. ಬೇರೆಯವರ ಟೇಬಲ್ಲುಗಳ ಮೇಲೆ ಆ ರೋಲಿಗಿದ್ದ ಹಕ್ಕು ಹಾಗೇ ಉಳಿದು ರೋಲ್ ಅಳಿಸಲು ಬಿಡದು. ಆಮೇಲೆ 'ಡ್ರಾಪ್ ಓನ್ಡ್' ಆ ಹಕ್ಕನ್ನು ಕೀಳುತ್ತದೆ. ಎರಡನ್ನೂ ಪ್ರತಿ ಡೇಟಾಬೇಸಿನೊಳಗೆ ಹೋಗಿಯೇ ಕೊಡಬೇಕು.

ಚಿಕ್ಕಮಗಳೂರಿನಿಂದ:
ಪಹಣಿಯವರ 'ಖಾತೆ ಬದಲಾವಣೆ' ಇದೆಯಲ್ಲ?

ಸಾಗರದಿಂದ:
ಲಾಗಿನ್ನಿಗೂ ಖಾತೆ ಅನ್ನುತ್ತೇವೆ. ಓದುವವರು ಪಾಸ್‌ವರ್ಡ್ ಬದಲಿಸಿ ಕೂರುತ್ತಾರೆ.

ಶಿವಮೊಗ್ಗದಿಂದ:
'ಒಡೆತನ ಬದಲಾವಣೆ', 'ಹಕ್ಕು', 'ಹಕ್ಕು ಕೊಟ್ಟವರು' ಎಂದು ಕಳಿಸಿದೆ. 'ಡ್ರಾಪ್ ಓನ್ಡ್' ಹಾಗೇ ಇಟ್ಟು, ಟೇಬಲ್ ಅಳಿಯುವ ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ.

ತೀರ್ಥಹಳ್ಳಿಯಿಂದ:
ಟೇಬಲ್ಲಿಗೆ ಕನ್ನಡವೇ ಸಿಗಲಿಲ್ಲವೋ?