ಪದ ಬೇಕು: ಹೆಂಗಸರಿಗೆ ಕೊಡುವ 'ಆಂಡ್ರೋಜನ್ ಚಿಕಿತ್ಸೆ' (ಕರಪತ್ರಕ್ಕೆ, ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ.
ಜಯನಗರದ ಕ್ಲಿನಿಕ್ಕೊಂದರ ಕರಪತ್ರ ನಾಳೆ ಮಧ್ಯಾಹ್ನ ಸುಲ್ತಾನ್‌ಪೇಟೆಯ ಪ್ರೆಸ್ಸಿಗೆ ಹೋಗಬೇಕು. ಮುಟ್ಟು ನಿಂತ ಮೇಲೆ ಕಾಮಾಸಕ್ತಿ ಕುಂದಿ, ಅದರಿಂದ ಸಂಕಟಪಡುವವರಿಗೆ ಟೆಸ್ಟೋಸ್ಟೆರಾನ್ ಜೆಲ್ ಕೊಡುವ ವಿಚಾರ. ಕರಡಿನಲ್ಲಿ 'ಪುರುಷ ಹಾರ್ಮೋನು ಚಿಕಿತ್ಸೆ' ಎಂದಿದೆ. ಬೇರೆ ಪದ ಇದೆಯೇ?

ಮರು:
> ಪುರುಷ ಹಾರ್ಮೋನು ಚಿಕಿತ್ಸೆ
ಮೂರೂ ಎರವಲು. 'ಗಂಡುಸುರಿಗೆ ಮದ್ದು' ಅನ್ನಿ. ಸುರಿ+ಗೆ, ಮೈಯೊಳಗೆ ಸುರಿಯುವುದು. ಕನ್ನಡದ ಬೇರಲ್ಲೇ ಕಸುವಿರುವಾಗ ಸಾಲ ಯಾಕೆ?

ಮರು:
ಸುರಿಗೆ ಎಂದರೆ ಕಿರುಗತ್ತಿ. ಅದೂ 'ಛುರಿಕಾ'ದ ತದ್ಭವ. ಸಾಲ ಬೇಡವೆಂದು ಸಾಲದ ಕತ್ತಿಯನ್ನೇ ಹಿಡಿದಿದ್ದೀರಿ.
'ಪುರುಷ'ವೂ ಬೇಡ. ಎರವಲೆಂದಲ್ಲ, ತಪ್ಪೆಂದು. ಟೆಸ್ಟೋಸ್ಟೆರಾನ್ ಹೆಣ್ಣಿನ ಅಂಡಾಶಯದಲ್ಲೂ ಅಡ್ರಿನಲ್ ಗ್ರಂಥಿಯಲ್ಲೂ ತಯಾರಾಗುತ್ತದೆ. ಗ್ರೀಕಿನ 'ಆಂಡ್ರೋ' ಎಂದರೆ ಗಂಡಸೇ ಇರಲಿ, ಓದುವವರಿಗೆ ಗ್ರೀಕು ಬಾರದಿರುವುದೇ ಪುಣ್ಯ. ಆಂಡ್ರೋಜನ್ ಹಾರ್ಮೋನುಗಳ ಒಂದು ಗುಂಪಿನ ಹೆಸರು, ಡಿಎಚ್‌ಇಎ ಎಂಬ ಇನ್ನೊಂದು ಹಾರ್ಮೋನೂ ಅದರೊಳಗೇ. ವೈದ್ಯ ಸಂಘಗಳ 2019ರ ಜಾಗತಿಕ ಒಮ್ಮತದ ಹೇಳಿಕೆ ಈ ತೊಂದರೆಗೆ ಒಪ್ಪಿದ್ದು ಟೆಸ್ಟೋಸ್ಟೆರಾನನ್ನು ಮಾತ್ರ. ಅದನ್ನೇ ಹೆಸರಿಸಿ.

ಮರು:
ಹೆಸರಿನ ಜಗಳ ಆಮೇಲೆ. ಕರಡಿನಲ್ಲಿ ಪ್ರಮಾಣದ ಸಾಲು ನೋಡಿದಿರಾ? ಗಂಡಸರಿಗೆಂದು ಬರುವ 1% ಜೆಲ್‌ನ 5 ಗ್ರಾಂ ಸ್ಯಾಷೆಯಲ್ಲಿ 50 ಮಿ.ಗ್ರಾಂ. ಔಷಧಿ ಇರುತ್ತದೆ. ಹೆಂಗಸರಿಗೆ ದಿನಕ್ಕೆ ಸುಮಾರು 5 ಮಿ.ಗ್ರಾಂ. ಅಷ್ಟೇ. ಅಲ್ಲಿರುವ 'ಹತ್ತನೇ ಒಂದು ಪಾಲು' ಯಾರಿಗೂ ತಲೆಗೆ ಹೋಗುವುದಿಲ್ಲ. 'ಒಂದು ಸ್ಯಾಷೆ ಹತ್ತು ದಿನಕ್ಕೆ, ಬಾಯಿ ಮಡಚಿ ಕ್ಲಿಪ್ ಹಾಕಿಡಿ' ಎಂದು ಬಿಡಿಸಿ ಬರೆಯಿರಿ. ಅಲ್ಲೇ ಇರುವ 'ಕಾಳಿನಷ್ಟು' ಎಂದರೆ ಯಾವ ಕಾಳು, ಅವರೆಯೋ ಸಾಸಿವೆಯೋ? 'ಉಜ್ಜಿ' ತೆಗೆದು 'ತೊಡೆಯ ಹೊರಬದಿಗೆ ತೆಳ್ಳಗೆ ಸವರಿ, ಕೈ ತೊಳೆಯಿರಿ, ಹಚ್ಚಿದ ಜಾಗ ಮಕ್ಕಳಿಗೆ ತಾಗದಿರಲಿ' ಎಂದು ಹಾಕಿ. ರಕ್ತಪರೀಕ್ಷೆ ಶುರುವಿಗೆ ಮುಂಚೆ, ಮತ್ತೆ 3–6 ವಾರಕ್ಕೆ. 6 ತಿಂಗಳಿಗೂ ಗುಣ ಕಾಣದಿದ್ದರೆ ನಿಲ್ಲಿಸುವುದು.
ಇನ್ನು 'ಅಡ್ಡಪರಿಣಾಮ' ಎಂಬ ಒಂದೇ ಪದದಡಿ ಎಲ್ಲವನ್ನೂ ತುರುಕಬೇಡಿ. ಮೊಡವೆ, ಮೈಕೂದಲು ಒಂದು ಸಾಲು. ಪ್ರಮಾಣ ಮೀರಿ ದನಿ ದಪ್ಪಗಾದರೆ ಮದ್ದು ಬಿಟ್ಟರೂ ಮೊದಲಿನಂತಾಗದಿರಬಹುದು, ಅದು ಬೇರೆಯೇ ಸಾಲು.

ಮರು:
ಆ ಕತ್ತಿ ಈಗ ಯಾರ ಬಾಯಲ್ಲೂ ಇಲ್ಲ. ಹೋಗಲಿ, 'ಸ್ಯಾಷೆ'ಗೆ ಪೊಟ್ಟಣ ಸತ್ತುಹೋಗಿತ್ತೇ?

ಮರು:
ಪೊಟ್ಟಣ ಎಂದರೆ ಕಡಲೆಕಾಯಿಯಂತೆ ಒಂದೇ ಸಲಕ್ಕೆ ಮುಗಿಸಿಬಿಡುತ್ತಾರೆ. ಸ್ಯಾಷೆ ಇರಲಿ.

ಮರು:
'ಟೆಸ್ಟೋಸ್ಟೆರಾನ್ ಜೆಲ್ ಚಿಕಿತ್ಸೆ', 'ಒಂದು ಸ್ಯಾಷೆ ಹತ್ತು ದಿನಕ್ಕೆ' ಹಾಕುತ್ತಿದ್ದೇನೆ. ಒಳಪುಟದಲ್ಲಿ ಹಾರ್ಮೋನ್ ಎನ್ನಲೋ, ಹಾರ್ಮೋನು ಎನ್ನಲೋ?