ಅಂಗಡಿಯ ಒದ್ದೆ ನೆಲದಲ್ಲಿ ಜಾರಿ ಬಿದ್ದರೆ ಪರಿಹಾರ ಕೇಳಬಹುದೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ಒಂಬತ್ತು ದಿನಗಳ ಹಿಂದೆ ನನ್ನ ತಾಯಿ (62 ವರ್ಷ) ದೊಡ್ಡ ಅಂಗಡಿಯೊಂದರಲ್ಲಿ ಫ್ರೀಜರ್ ಪಕ್ಕ ನಿಂತಿದ್ದ ನೀರಿನಲ್ಲಿ ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿದಿದೆ. ಎಚ್ಚರಿಕೆಯ ಫಲಕ ಇರಲಿಲ್ಲ. ನಾವು ಅಮ್ಮನನ್ನು ಎಬ್ಬಿಸಿ ಕೂರಿಸುವಷ್ಟರಲ್ಲಿ ಸಿಬ್ಬಂದಿಯೊಬ್ಬರು ಬಂದು ನೆಲ ಒರೆಸಿಬಿಟ್ಟರು. ಈಗ ಮ್ಯಾನೇಜರ್, ‘ಆಸ್ಪತ್ರೆಯ ಬಿಲ್ ಕೊಡುತ್ತೇವೆ, ಈ ಕಾಗದಕ್ಕೆ ಸಹಿ ಹಾಕಿ’ ಎನ್ನುತ್ತಿದ್ದಾರೆ. ಹಾಕಬಹುದೇ?

ವಕೀಲರ ಉತ್ತರ: ದಯವಿಟ್ಟು ಈಗಲೇ ಹಾಕಬೇಡಿ. ಇಂಥ ಕಾಗದದಲ್ಲಿ ‘ಇನ್ನು ಮುಂದೆ ಏನನ್ನೂ ಕೇಳುವುದಿಲ್ಲ’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೂಳೆ ಕೂಡಿಕೊಳ್ಳಲು ವಾರಗಳೇ ಬೇಕು. ಆಮೇಲೆ ಫಿಸಿಯೋಥೆರಪಿ ಬೇಕೇ, ಹಿಡಿತ ಮೊದಲಿನಂತೆ ಬರುತ್ತದೆಯೇ ಎಂಬುದು ವೈದ್ಯರಿಗೂ ಇಂದು ತಿಳಿದಿರುವುದಿಲ್ಲ. ನಷ್ಟ ಎಷ್ಟೆಂದು ತಿಳಿಯುವ ಮೊದಲೇ ಹಕ್ಕು ಬಿಟ್ಟುಕೊಟ್ಟವರನ್ನು ನಾನು ಬಹಳ ಕಂಡಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತದೆ.

ಇವತ್ತೇ ಮಾಡಬೇಕಾದ ಕೆಲಸ ಬೇರೆ ಇದೆ. ಸಿಸಿಟಿವಿ ದೃಶ್ಯವನ್ನು ಅಳಿಸದೆ ಉಳಿಸಿಡಬೇಕೆಂದು ಅಂಗಡಿಗೆ ಬರವಣಿಗೆಯಲ್ಲಿ ಕೇಳಿ, ತಲುಪಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ದಾಖಲಾಗುತ್ತಾ ಹೋಗುತ್ತದೆ. ಒಂಬತ್ತು ದಿನ ಆಗಲೇ ಕಳೆದಿದೆ. ಬಿದ್ದ ಕ್ಷಣದ್ದು ಮಾತ್ರ ಸಾಲದು, ಅದಕ್ಕೂ ಹಿಂದಿನ ಒಂದೆರಡು ಗಂಟೆಗಳದ್ದೂ ಬೇಕೆಂದು ಸ್ಪಷ್ಟವಾಗಿ ಬರೆಯಿರಿ.

ಹಿಂದಿನ ಗಂಟೆಗಳು ಏಕೆಂದರೆ, ಬಿದ್ದ ಮಾತ್ರಕ್ಕೆ ಪರಿಹಾರ ಸಿಗುವುದಿಲ್ಲ. ಅಂಗಡಿಯವರ ನಿರ್ಲಕ್ಷ್ಯ ಕಾಣಬೇಕು. ನೀರು ಎಷ್ಟು ಹೊತ್ತಿನಿಂದ ನಿಂತಿತ್ತು, ಅವರಿಗೆ ಗೊತ್ತಿತ್ತೇ, ಗೊತ್ತಾಗಬೇಕಿತ್ತೇ ಎಂಬುದರ ಮೇಲೆ ಪ್ರಕರಣ ನಿಲ್ಲುತ್ತದೆ. ಒಂದು ನಿಮಿಷದ ಹಿಂದೆ ಗಿರಾಕಿಯೊಬ್ಬರ ಕೈಯಿಂದ ಚೆಲ್ಲಿದ ನೀರು ಬೇರೆ, ಫ್ರೀಜರ್ ದಿನಗಟ್ಟಲೆ ಸೋರುತ್ತಿದ್ದರೆ ಅದೇ ಬೇರೆ. ಹಾಗಾಗಿ ಫ್ರೀಜರ್ ದುರಸ್ತಿಯ ದಾಖಲೆ, ನೆಲ ಒರೆಸಿದ ಸಮಯದ ಪಟ್ಟಿ ಎರಡನ್ನೂ ಉಳಿಸಿಡಲು ಅದೇ ಪತ್ರದಲ್ಲಿ ಕೇಳಿ.

ಇಂಗ್ಲೆಂಡಿನಲ್ಲಿ 1976ರಲ್ಲಿ ವರದಿಯಾದ ವಾರ್ಡ್ ವಿರುದ್ಧ ಟೆಸ್ಕೊ ಪ್ರಕರಣ ಇದಕ್ಕೆ ಹತ್ತಿರದ್ದು. ನೆಲದ ಮೇಲೆ ಚೆಲ್ಲಿದ್ದ ಮೊಸರಿನಿಂದ ಮಹಿಳೆಯೊಬ್ಬರು ಜಾರಿದ್ದರು. ಅದು ಯಾವಾಗ ಚೆಲ್ಲಿತೆಂದು ಅವರು ತೋರಿಸಲಾಗಲಿಲ್ಲ. ಆದರೂ, ತಾವು ಸಾಕಷ್ಟು ಎಚ್ಚರ ವಹಿಸಿದ್ದೆವೆಂದು ಅಂಗಡಿಯೇ ವಿವರಿಸಬೇಕೆಂದು ಮೇಲ್ಮನವಿ ನ್ಯಾಯಾಲಯದ ಬಹುಮತ ಹೇಳಿತು. ಎಲ್ಲ ದೇಶಗಳೂ ಇದನ್ನೇ ಪಾಲಿಸುವುದಿಲ್ಲ, ತರ್ಕ ಮಾತ್ರ ಎಲ್ಲೆಡೆ ವಾದಿಸಲು ಯೋಗ್ಯ.

ಪ್ರಶ್ನೆ ಕೇಳಿದವರು: ಧನ್ಯವಾದಗಳು ಸರ್. ಒಂದು ಅಳುಕಿದೆ. ಬೀಳುವಾಗ ಅಮ್ಮ ಮೊಬೈಲ್‌ನಲ್ಲಿ ಮಾತನಾಡುತ್ತಿದ್ದರು.

ವಕೀಲರ ಉತ್ತರ: ಮುಚ್ಚಿಡಬೇಡಿ, ನಿಮ್ಮ ವಕೀಲರಿಗೆ ಮೊದಲೇ ಹೇಳಿ. ಹೆಚ್ಚಿನ ಕಡೆ ಗಾಯಗೊಂಡವರ ತಪ್ಪಿನ ಪಾಲಿಗೆ ತಕ್ಕಂತೆ ಮೊತ್ತ ಇಳಿಯುತ್ತದೆ: 20 ಪಾಲು ತಪ್ಪಿದ್ದರೆ ನೂರಕ್ಕೆ 80. ಅಮೆರಿಕದ ವರ್ಜೀನಿಯಾ, ಅಲಬಾಮಾದಂಥ ಕೆಲವೇ ಕಡೆ ಸ್ವಲ್ಪ ತಪ್ಪಿದ್ದರೂ ಹಕ್ಕೊತ್ತಾಯ ಬಿದ್ದುಹೋಗಬಹುದು.

ಮತ್ತೊಬ್ಬ ಸದಸ್ಯರು: ದೂರು ಕೊಡಲು ಎಷ್ಟು ಕಾಲಾವಕಾಶ ಇರುತ್ತದೆ?

ವಕೀಲರ ಉತ್ತರ: ಊರಿಗೊಂದು ಲೆಕ್ಕ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ, ಕ್ಯಾಲಿಫೋರ್ನಿಯಾದಲ್ಲಿ 2, ಭಾರತದ ಗ್ರಾಹಕ ಆಯೋಗಗಳಲ್ಲಿ 2. ಸರ್ಕಾರಿ ಕಟ್ಟಡದಲ್ಲಿ ಬಿದ್ದಿದ್ದರೆ ಕೆಲವೆಡೆ ತಿಂಗಳುಗಳೊಳಗೇ ನೋಟಿಸ್ ಕೊಡಬೇಕಾಗುತ್ತದೆ. ಹೀಗೆ ಬಿದ್ದವರು ಅಲ್ಲಿನ ನೌಕರರಾಗಿದ್ದರೆ ದಾರಿಯೇ ಬೇರೆ, ಕಾರ್ಮಿಕರ ಪರಿಹಾರದ ಕಾನೂನು ಅನ್ವಯಿಸುತ್ತದೆ.

ಪ್ರಶ್ನೆ ಕೇಳಿದವರು: ಪತ್ರ ಕೊಟ್ಟು ಬಂದೆ ಸರ್, ರಸೀದಿ ಇದೆ.

ವಕೀಲರ ಉತ್ತರ: ಒಳ್ಳೆಯದಾಯಿತು. ಅಮ್ಮ ಅಂದು ಹಾಕಿದ್ದ ಚಪ್ಪಲಿಯನ್ನು ತೊಳೆಯದೆ, ಮತ್ತೆ ಧರಿಸದೆ ಒಂದು ಚೀಲದಲ್ಲಿ ಕಟ್ಟಿಡಿ. ಅಟ್ಟೆ ಸವೆದಿತ್ತು ಎಂಬುದೇ ಅವರ ಮುಂದಿನ ವಾದವಾಗಬಹುದು.