ಮಾದಕ ವಸ್ತು ಸೇವನೆ ಅಪರಾಧವಾಗಿರದಿದ್ದರೆ ನನ್ನ ತಮ್ಮ ಬದುಕುತ್ತಿದ್ದನೇ?

ಪ್ರಶ್ನೆ

ಹೆರಾಯಿನ್ ಇಟ್ಟುಕೊಂಡಿದ್ದಕ್ಕಾಗಿ ನನ್ನ ತಮ್ಮ ಎಂಟು ತಿಂಗಳು ಜೈಲಿನಲ್ಲಿದ್ದ. ಮಾರುವುದಕ್ಕಲ್ಲ, ತನಗಾಗಿ ಇಟ್ಟುಕೊಂಡದ್ದು. ಬಿಡುಗಡೆಯಾಗಿ ಬಂದಾಗ ಮೈ ತುಂಬಿಕೊಂಡಿತ್ತು, ಮುಖದಲ್ಲಿ ಕಳೆ ಬಂದಿತ್ತು. ಗಂಡಾಂತರ ಕಳೆಯಿತೆಂದೇ ಅಮ್ಮ ನಂಬಿದ್ದರು. ಒಂಬತ್ತನೆಯ ದಿನ ಅವನು ತೀರಿಕೊಂಡ. ಜೊತೆಗಿದ್ದ ಇಬ್ಬರು ಸ್ನೇಹಿತರು ಪೊಲೀಸರಿಗೆ ಹೆದರಿ ಆಂಬುಲೆನ್ಸ್ ಕರೆಯಲಿಲ್ಲ. ಮುಖಕ್ಕೆ ನೀರು ಎರಚುತ್ತಾ ಮುಕ್ಕಾಲು ಗಂಟೆ ಕಳೆದರಂತೆ.

ಸೇವನೆಯನ್ನು ಅಪರಾಧವೆನ್ನಬಾರದು ಎಂದು ಯಾರಾದರೂ ವಾದಿಸಿದರೆ ಮೊದಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಈಗ ಆ ಮುಕ್ಕಾಲು ಗಂಟೆ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ಈ ವಿಷಯ ಬಲ್ಲವರು ಹೇಳಿ.

ಉತ್ತರ 1

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ಒಪ್ಪಲಾರೆ. ಅಮೆರಿಕದ ಒರೆಗಾನ್ ರಾಜ್ಯ 2021ರಲ್ಲಿ ಸ್ವಂತ ಬಳಕೆಗೆ ಇಟ್ಟುಕೊಳ್ಳುವುದನ್ನು ಅಪರಾಧದ ಪಟ್ಟಿಯಿಂದ ತೆಗೆದು, 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅಪರಾಧದ ಪಟ್ಟಿಗೆ ಸೇರಿಸಿತು. ನನ್ನ ಮಗಳು ನಾವು ಕಾಲು ಹಿಡಿದರೂ ಚಿಕಿತ್ಸೆಗೆ ಹೋಗಲಿಲ್ಲ. ನ್ಯಾಯಾಲಯ ಹೇಳಿದ ಮೇಲೆ ಹೋದಳು. ಇಂದು ಬದುಕಿದ್ದಾಳೆ.

ಉತ್ತರ 2

ನಾನು ವ್ಯಸನಮುಕ್ತಿ ವಾರ್ಡಿನಲ್ಲಿ ಹದಿನಾಲ್ಕು ವರ್ಷಗಳಿಂದ ಶುಶ್ರೂಷಕಿ. ನಿಮ್ಮ ತಮ್ಮನಂಥವರನ್ನು ಬಹಳ ಮಂದಿಯನ್ನು ನೋಡಿದ್ದೇನೆ. ಶರೀರ ಹೆರಾಯಿನ್‌ಗೆ ಒಗ್ಗಿಕೊಂಡಿರುತ್ತದೆ. ಜೈಲಿನಲ್ಲಿ ಆ ಒಗ್ಗುವಿಕೆ ಇಳಿದುಹೋಗುತ್ತದೆ, ಆಸೆ ಮಾತ್ರ ಇಳಿಯುವುದಿಲ್ಲ. ಹೊರಬಂದವರು ಹಳೆಯ ಅಳತೆಯನ್ನೇ ತೆಗೆದುಕೊಂಡರೆ ಉಸಿರಾಟ ನಿಧಾನವಾಗುತ್ತಾ ನಿಂತುಬಿಡುತ್ತದೆ. ಬಿಡುಗಡೆಯ ನಂತರದ ಮೊದಲ ಎರಡು ವಾರ ಅತ್ಯಂತ ಅಪಾಯಕಾರಿ. ಹೆರಾಯಿನ್‌ನ ಆಸೆಯನ್ನು ತಗ್ಗಿಸುವ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಔಷಧಿಯನ್ನು ಜೈಲಿನಲ್ಲೇ ಆರಂಭಿಸಿ ಹೊರಬಂದ ಮೇಲೂ ಮುಂದುವರಿಸಿದರೆ ಈ ಸಾವುಗಳು ಕಡಿಮೆಯಾಗುತ್ತವೆ.

ಒರೆಗಾನ್‌ನ ಉದಾಹರಣೆಯನ್ನು ಪೂರ್ತಿಯಾಗಿ ನೋಡಬೇಕು. ಅಲ್ಲಿ ಸಿಕ್ಕಿಬಿದ್ದವರಿಗೆ 100 ಡಾಲರ್ ದಂಡ, ಫೋನ್ ಮಾಡಿ ಆರೋಗ್ಯ ತಪಾಸಣೆಗೆ ಒಪ್ಪಿದರೆ ಅದೂ ಮಾಫಿ. ಕರೆ ಮಾಡಿದವರು ಬೆರಳೆಣಿಕೆಯಷ್ಟು. ಚಿಕಿತ್ಸೆಗೆ ಮೀಸಲಿಟ್ಟ ಹಣ ತಡವಾಗಿ ಬಂತು. ಅದೇ ಹೊತ್ತಿಗೆ ಹೆರಾಯಿನ್‌ಗಿಂತ ಬಹಳ ತೀವ್ರವಾದ ಫೆಂಟನಿಲ್ ಎಂಬ ಮಾದಕ ವಸ್ತು ಎಲ್ಲೆಡೆ ಹರಡಿತು. ಜೈಲಿನ ಬಾಗಿಲು ಮುಚ್ಚಿದರು, ಆಸ್ಪತ್ರೆಯ ಬಾಗಿಲು ಇನ್ನೂ ತೆರೆದಿರಲಿಲ್ಲ.

ಪೋರ್ಚುಗಲ್ 2001ರಲ್ಲಿ ಬೇರೆ ದಾರಿ ಹಿಡಿಯಿತು. ಮಾರಾಟ ಅಲ್ಲಿ ಇಂದಿಗೂ ಅಪರಾಧವೇ. ಹತ್ತು ದಿನಗಳ ಬಳಕೆಗೆ ಸಾಲುವಷ್ಟು ಇಟ್ಟುಕೊಂಡವರು ನ್ಯಾಯಾಲಯಕ್ಕೆ ಹೋಗುವುದಿಲ್ಲ, ಮೂವರು ಸದಸ್ಯರ ಸಮಿತಿಯ ಮುಂದೆ ಕೂರುತ್ತಾರೆ. ಮೆಥಡೋನ್, ಶುದ್ಧ ಸೂಜಿ, ಆಪ್ತಸಮಾಲೋಚನೆ ಎಲ್ಲವನ್ನೂ ಜೊತೆಜೊತೆಗೇ ವಿಸ್ತರಿಸಿದರು. ಚುಚ್ಚಿಕೊಳ್ಳುವವರಲ್ಲಿ ಹೊಸ ಎಚ್‌ಐವಿ ಸೋಂಕು ಗಣನೀಯವಾಗಿ ಇಳಿಯಿತು.

ಉತ್ತರ 1ನ್ನು ಬರೆದವರೇ, ನಿಮ್ಮ ಮಗಳನ್ನು ಉಳಿಸಿದ್ದು ಜೈಲಲ್ಲ, ಚಿಕಿತ್ಸೆ. ಅಲ್ಲಿಗೆ ತಲುಪಿಸಲು ಯಾರಾದರೂ ಗಟ್ಟಿಯಾಗಿ ಹೇಳಬೇಕಿತ್ತು ಎಂಬ ನಿಮ್ಮ ಮಾತನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಪೋರ್ಚುಗಲ್‌ನ ಸಮಿತಿ ಆ ಕೆಲಸವನ್ನು ಕೈಕೋಳವಿಲ್ಲದೆ ಮಾಡುತ್ತದೆ.

ಪ್ರಶ್ನೆ ಕೇಳಿದವರು

ಜೈಲಿನಲ್ಲಿ ಅವನಿಗೆ ಔಷಧಿ ಕೊಡುತ್ತಿದ್ದರೇ ಎಂದು ಈವರೆಗೆ ನಾನು ಯಾರನ್ನೂ ಕೇಳಿರಲಿಲ್ಲ. ಅಂಥದ್ದೊಂದು ಇದೆ ಎಂಬುದೇ ಗೊತ್ತಿರಲಿಲ್ಲ. ಆ ಇಬ್ಬರು ಸ್ನೇಹಿತರಲ್ಲಿ ಒಬ್ಬ ಇನ್ನೂ ಸೇವಿಸುತ್ತಿದ್ದಾನೆ. ಅವನ ತಾಯಿ ನಿನ್ನೆ ಮನೆಗೆ ಬಂದು ಅತ್ತರು. ಅವರಿಗೆ ಏನು ಹೇಳಲಿ?

ಉತ್ತರ 2ನ್ನು ಬರೆದವರು

ನಲಾಕ್ಸೋನ್ ಬಗ್ಗೆ ವೈದ್ಯರನ್ನು ಕೇಳಲು ಹೇಳಿ. ಚುಚ್ಚುಮದ್ದಾಗಿಯೂ ಮೂಗಿಗೆ ಸಿಂಪಡಿಸುವ ರೂಪದಲ್ಲಿಯೂ ಇದೆ. ಹೆರಾಯಿನ್‌ನಿಂದ ನಿಲ್ಲುತ್ತಿರುವ ಉಸಿರನ್ನು ಕೆಲವೇ ನಿಮಿಷಗಳಲ್ಲಿ ಮರಳಿಸಬಲ್ಲದು. ಅದರ ಪರಿಣಾಮ 30ರಿಂದ 90 ನಿಮಿಷ ಮಾತ್ರ, ಆಮೇಲೆ ಉಸಿರು ಮತ್ತೆ ನಿಲ್ಲಬಹುದು. ಆದ್ದರಿಂದ ಮಗ ಎದ್ದು ಕೂತರೂ ಆಂಬುಲೆನ್ಸ್ ಕರೆಯಲೇಬೇಕು. ಅದು ಬರುವವರೆಗೆ ಒಬ್ಬನನ್ನೇ ಬಿಟ್ಟು ಕದಲಬಾರದು.